ಪೆಟ್ಟಿಗೆಯ ಹಿಂದಿನ ಹೂಂ

ಮೇಷ್ಟ್ರು ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ನಾಟಕ ಮುಂದಿನ ವಾರದ ಗುರುವಾರಕ್ಕೆ ಗೊತ್ತಾಗಿತ್ತು. ಅವರು ಜ್ವರ ಬಂದು ಮಲಗಿದ್ದು ನಾಲ್ಕೇ ದಿನ. ಡಾಕ್ಟರನ್ನು ಕರೆತರಲು ದೇವನಹಳ್ಳಿಗೆ ಗಾಡಿ ಹೋಗಿತ್ತು. ಗಾಡಿ ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಅವರ ಕಾಲಿನ ಹತ್ತಿರ ಕೂತಿದ್ದೆ. ಅಳು ಬರಲಿಲ್ಲ. ಇನ್ನು ಒಂಬತ್ತು ದಿನ ಇದೆ ಎಂದು ಲೆಕ್ಕ ಹಾಕುತ್ತಿದ್ದೆ. ಈ ಮಾತು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಬೂದಿಗೆರೆಯಿಂದ ಒಂದೂವರೆ ಮೈಲಿ ಒಳಕ್ಕೆ ನಮ್ಮೂರು. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಕಾಲ, ಸೀಮೆಎಣ್ಣೆಗೂ ಬರ. ರಾಗಿ ಬಡಿದು ಕಣ ಖಾಲಿಯಾದ ಮೇಲೆ ಮೇಷ್ಟ್ರು ಪ್ರತಿ ವರ್ಷ ತಮ್ಮ ಹಾರ್ಮೋನಿಯಂ ಹೊತ್ತು ಬರುತ್ತಿದ್ದರು. ಅದನ್ನು ನಾವು ಪೆಟ್ಟಿಗೆ ಎನ್ನುತ್ತಿದ್ದೆವು. ಯುಗಾದಿಯ ತನಕ ಊರಲ್ಲೇ ಇದ್ದು ನೇಗಿಲು ಹಿಡಿಯುವ ಕೈಗಳಿಗೆ ಬಿಲ್ಲು ಹಿಡಿಯುವುದನ್ನು ಕಲಿಸುತ್ತಿದ್ದರು. ಹೀಗೆ ಆರು ವರ್ಷ ನಡೆದಿತ್ತು. ಆ ವರ್ಷ ಅವರೇ ಕಟ್ಟಿದ ಕರ್ಣನ ನಾಟಕ. ಅದಕ್ಕೆ ಪುಸ್ತಕವಿರಲಿಲ್ಲ. ಇಡೀ ನಾಟಕ ಅವರ ತಲೆಯಲ್ಲಿತ್ತು. ತಂಡದಲ್ಲಿ ಓದು ಬರಹ ಬರುತ್ತಿದ್ದುದು ನನಗೊಬ್ಬನಿಗೇ. ಅವರು ಹೇಳಿದಂತೆ ನನ್ನ ಪಾತ್ರದ ಮಾತುಗಳನ್ನು ಪೂರ್ತಿಯಾಗಿಯೂ ಉಳಿದವರದನ್ನು ಅಲ್ಲಲ್ಲಿಯೂ ಒಂದು ನೋಟುಬುಕ್ಕಿನಲ್ಲಿ ಗೀಚಿಕೊಂಡಿದ್ದೆ. ಮಿಕ್ಕವರು ಕಿವಿಯಿಂದಲೇ ಕಲಿತವರು.

ನಾನೇ ಕರ್ಣ. ದೂತ, ಸಖಿ, ಒಂದು ವರ್ಷ ಜಿಂಕೆ ಕೂಡ ಆಗಿ, ಆರನೆಯ ವರ್ಷಕ್ಕೆ ನನ್ನ ಸರದಿ ಬಂದಿತ್ತು.

ಮೂರನೆಯ ದಿನ ಮೇಷ್ಟ್ರ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಮೇಲೆ ಪಟೇಲರು ಚಾವಡಿಯಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡರು.

"ಮೇಷ್ಟ್ರೇ ಹೋದ್ಮೇಲೆ ಇನ್ನೆಂಥ ನಾಟ್ಕ? ಬರೋ ವರ್ಷ ನೋಡ್ಕೊಳ್ಳಾನ ಬಿಡ್ರಪ್ಪಾ."

ಬರುವ ವರ್ಷ ಎಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ಬೇರೆ ಮೇಷ್ಟ್ರು ಬರುತ್ತಾರೆ, ಅವರದು ಬೇರೆ ನಾಟಕ. ಒಂದು ಮಳೆಗಾಲ ಕಳೆದರೆ ಕಿವಿಯಲ್ಲಿ ಉಳಿದ ಮಾತು ಬಿತ್ತನೆಯ ಗಲಾಟೆಯಲ್ಲಿ ಅಳಿಸಿಹೋಗುತ್ತದೆ. ಮೇಷ್ಟ್ರಿಗೆ ಹೆಂಡತಿ ಮಕ್ಕಳಿರಲಿಲ್ಲ. ಈ ಭೂಮಿಯ ಮೇಲೆ ಅವರು ಬಿಟ್ಟುಹೋದದ್ದು ಆ ಪೆಟ್ಟಿಗೆ ಮತ್ತು ಹನ್ನೊಂದು ಜನರ ತಲೆಯಲ್ಲಿ ಹಂಚಿಹೋಗಿದ್ದ ಆ ನಾಟಕ, ಎರಡೇ.

"ನಾವು ಆಡ್ತೀವಿ ಪಟೇಲ್ರೇ. ಗುರುವಾರಾನೇ ಆಡ್ತೀವಿ," ಎಂದೆ. ನನ್ನ ಬಾಯಿ ಯಾವಾಗಲೂ ತಲೆಗಿಂತ ಒಂದು ಹೆಜ್ಜೆ ಮುಂದೆ.

ಪಟೇಲರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಮೊದ್ಲೇ ಸೀಮೆಎಣ್ಣೆ ಸಿಗ್ದೆ ಹಗಲೊತ್ತು ಆಡೋಕೆ ಹೊಂಟಿದ್ದೀರ. ಸುತ್ತಲ ಊರೋರು ‘ಏನ್ರಪ್ಪಾ, ಹಗಲುವೇಷ ಕಟ್ತೀರಂತೆ’ ಅಂತ ನಗ್ತಾವ್ರೆ. ಅದ್ರ ಮೇಲೆ ಮಾತು ಮರ್ತು ನಿಂತ್ಕೊಂಡ್ರೆ ಸತ್ತೋರ ಹೆಸ್ರೂ ಹಾಳು, ಊರ ಹೆಸ್ರೂ ಹಾಳು. ಸೋಮವಾರ ಬಂದು ಒಂದ್ಸಲ ನೋಡ್ತೀನಿ. ಸರಿಯಾಗಿದ್ರೆ ಸರಿ, ಇಲ್ದಿದ್ರೆ ನಾಟ್ಕದ ಅಟ್ಟ ಕಟ್ಟೋಕೇ ಬಿಡಲ್ಲ."

ಶುಕ್ರವಾರ ಮಧ್ಯಾಹ್ನ ಪಟೇಲರ ಖಾಲಿ ಕೊಟ್ಟಿಗೆಯಲ್ಲಿ ತಾಲೀಮು ಶುರು ಮಾಡಿದೆವು. ಮೊದಲ ದೃಶ್ಯದಲ್ಲಿ ದುರ್ಯೋಧನನೂ ಶಲ್ಯನೂ ಬರುತ್ತಾರೆ. ಶಲ್ಯ, ಎಂದರೆ ಕರ್ಣನ ಸಾರಥಿಯ ಪಾತ್ರ, ಗಾಡಿ ಮಾವನದು. ಹೊಸಕೋಟೆ ಸಂತೆಗೆ ತರಕಾರಿ ಗಾಡಿ ಹೊಡೆಯುವ ಅವರನ್ನು ಊರೆಲ್ಲ ಹಾಗೆ ಕರೆಯುತ್ತಿತ್ತು. ಗಾಡಿ ಹೊಡೆಯುವವನಿಗೆ ರಥ ಹೊಡೆಯುವ ಪಾತ್ರ ಕೊಟ್ಟಿದ್ದು ಮೇಷ್ಟ್ರ ತಮಾಷೆ. ನಲವತ್ತೈದು ದಾಟಿದ್ದ ಅವರಿಗೆ ಅಕ್ಷರ ಗೊತ್ತಿರಲಿಲ್ಲ. ಗಂಟಲು ಮಾತ್ರ ಕೆರೆಯ ಆಚೆ ದಡಕ್ಕೂ ಕೇಳುವಂಥದ್ದು.

ಅವರು ತಮ್ಮ ಮೊದಲ ಮಾತು ಹೇಳಿದರು. ನಿಲ್ಲಿಸಿದರು. ಮತ್ತೆ ಅದೇ ಮಾತು ಹೇಳಿದರು. ಮೂರನೆಯ ಸಲವೂ ಅದನ್ನೇ ಹೇಳಿದರು.

ಮರೆತಿದ್ದಾರೆಂದು ನಾನು ನೋಟುಬುಕ್ಕು ನೋಡಿ ಮುಂದಿನ ಪದ ಎತ್ತಿಕೊಟ್ಟೆ. "ಗೊತ್ತು ಕಣೋ!" ಎಂದು ಸಿಡುಕಿದರು.

"ಗೊತ್ತಿದ್ರೆ ಹೇಳಬಾರದಾ ಮಾವ?"

"ಹೆಂಗ್ ಹೇಳ್ಲಿ? ಹೂಂ ಅನ್ನಲಿಲ್ವಲ್ಲ."

ಕೊಟ್ಟಿಗೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಆಗ ನನಗೆ ಹೊಳೆಯಿತು. ಮೇಷ್ಟ್ರು ಯಾರಿಗೂ ‘ತಪ್ಪು’ ಎಂದವರಲ್ಲ. ಕಥೆ ಕೇಳುವವರು ಹೂಂಗುಟ್ಟುವ ಹಾಗೆ, ಮಾತು ಸರಿಯಾಗಿ ಬಂದರೆ ‘ಹೂಂ’ ಎನ್ನುತ್ತಿದ್ದರು. ಆಗ ಮುಂದಿನ ಮಾತಿಗೆ ಹೋಗಬೇಕು. ಹೂಂ ಬರದಿದ್ದರೆ ಅದೇ ಮಾತನ್ನು ಮತ್ತೆ ಹೇಳಬೇಕು. ಹದಿನೈದು ಸಲ, ಇಪ್ಪತ್ತು ಸಲ, ಆ ಹೂಂ ಬರುವ ತನಕ. ನಾಟಕದ ದಿನವೂ ಪೆಟ್ಟಿಗೆಯ ಸ್ವರದ ಕೆಳಗೆ, ರಂಗದ ಮೇಲಿದ್ದವರಿಗಷ್ಟೇ ಕೇಳುವಂತೆ ಅದು ಬರುತ್ತಿತ್ತು. ಕಿವಿಯಿಂದ ಕಲಿತವರ ತಲೆಯಲ್ಲಿ ಮಾತು, ಹೂಂ, ಮಾತು, ಹೂಂ ಎಂದು ಒಂದೇ ದಾರದಲ್ಲಿ ಪೋಣಿಸಿಕೊಂಡಿತ್ತು. ನಾನು ಬರೆದುಕೊಂಡು ಬಾಯಿಪಾಠ ಮಾಡಿದವನಾದ್ದರಿಂದ ನನಗದು ತಿಳಿದೇ ಇರಲಿಲ್ಲ. ಅಕ್ಷರ ಕಲಿತವನ ಜಂಭ ಒಂದು ಕಡೆ, ದಡ್ಡತನ ಇನ್ನೊಂದು ಕಡೆ.

"ಸರಿ, ಹೂಂ ನಾನಂತೀನಿ," ಎಂದೆ.

ನಾಟಕ ಓಡತೊಡಗಿತು. ಎರಡು ದೃಶ್ಯ ದಾಟಿದೆವು. ಮೂರನೆಯದರಲ್ಲಿ ಕೃಷ್ಣ ಬಂದು ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳಿ, ಪಾಂಡವರ ಕಡೆಗೆ ಬಾ ಎಂದು ಕರೆಯುತ್ತಾನೆ. ಕೃಷ್ಣನ ಪಾತ್ರದವನು ಮಾತು ಮುಗಿಸಿ ನನ್ನ ಮುಖ ನೋಡಿದ. ನಾನು, ಎಂದರೆ ಕರ್ಣ, "ಹೂಂ" ಎಂದೆ. ಮಹಾಭಾರತ ಅಲ್ಲಿಗೇ ಮುಗಿದುಹೋಯಿತು! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಹೋದ ಮೇಲೆ ನಾವು ನಕ್ಕಿದ್ದು ಅದೇ ಮೊದಲು. ನಗು ನಿಂತಿತು. ಕರ್ಣ ಹೂಂ ಅನ್ನುವ ಹಾಗಿಲ್ಲ. ಹೂಂ ಇಲ್ಲದೆ ಉಳಿದವರು ಮುಂದಕ್ಕೆ ಹೋಗುವ ಹಾಗಿಲ್ಲ. ಪೆಟ್ಟಿಗೆಯ ಹಿಂದೆ ಒಬ್ಬ ಕೂರಲೇಬೇಕು. ಎಲ್ಲರ ಮಾತು ಗೊತ್ತಿದ್ದವನು, ಪೆಟ್ಟಿಗೆಯಲ್ಲಿ ಅಷ್ಟಿಷ್ಟು ಕೈಯಾಡಿಸಲು ಬರುತ್ತಿದ್ದವನು ನಾನೊಬ್ಬನೇ.

ಅವತ್ತು ನಾನು ಆ ಮಾತೆತ್ತಲಿಲ್ಲ. ಶನಿವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಹೋಗಿ ಕೂತೆ. ಆರು ವರ್ಷ ಕಾದಿದ್ದೆ. ನನ್ನ ತಲೆಯ ಅಳತೆಗೆ ಕಿರೀಟ ಮಾಡಿಸಿ ಆಗಿತ್ತು. ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನನ್ನ ಕರ್ಣನನ್ನು ನೋಡಲು ಬೂದಿಗೆರೆಯಿಂದ ಹೆಂಡತಿಯ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಬರುವವರಿದ್ದರು. ಮೇಷ್ಟ್ರ ಮೇಲೆ ನನಗೆ ಕೋಪ ಬಂತು. ಇನ್ನೊಂದು ಹತ್ತು ದಿನ ಬದುಕಿದ್ದರೆ ಏನಾಗುತ್ತಿತ್ತು? ಹಾಗೆ ಅನ್ನಿಸಿದ ತಕ್ಷಣ, ಅಷ್ಟು ದಿನ ಬರದೇ ಇದ್ದ ಅಳು ಬಂತು. ತುಂಬ ಹೊತ್ತು ಅತ್ತೆ. ಎದ್ದು ಮುಖ ತೊಳೆದುಕೊಂಡು ಸೀದಾ ಗಾಡಿ ಮಾವನ ಮನೆಗೆ ಹೋದೆ.

ಅವರು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ಕರ್ಣನ ಪಕ್ಕದಲ್ಲೇ ಇರುವ ಪಾತ್ರವಾದ್ದರಿಂದ ಅವರು ನನ್ನ ತಾಲೀಮಿಗೆಲ್ಲ ಕೂತವರು, ಒಂದು ಸಲ ಕೇಳಿದ್ದನ್ನು ಬಿಡದವರು.

"ಮಾವ, ಕರ್ಣನ್ನ ನೀವು ಮಾಡ್ಬೇಕು. ನಾನು ಪೆಟ್ಟಿಗೆ ಹಿಂದೆ ಕೂರ್ತೀನಿ."

"ಥೂ, ಸುಮ್ಕಿರೋ. ನಿನ್ ಎಲೆ ಮೇಲಿನ ತುತ್ತು ಕಿತ್ಕೊಂಡು ನಾನ್ ಉಣ್ಲಾ?"

"ಎಲೇನೇ ಹಾರೋಗ್ತದೆ ಮಾವ. ಆಮೇಲೆ ಯಾರಿಗೂ ಇಲ್ಲ."

ಅವರು ಹುಲ್ಲಿನ ಹೊರೆಯ ಮೇಲೆ ಕೂತರು. ಎತ್ತಿನ ಕೊರಳ ಗಂಗೆದೊಗಲು ಸವರಿದರು. "ಒಂದ್ ಮಾತು. ನಿನ್ನೆ ನೀನು ಎಲ್ಲಾದ್ಕೂ ಹೂಂ ಅಂದ್ಬಿಟ್ಟೆ. ದುರ್ಯೋಧನ ಅಷ್ಟು ಕೆಟ್ಟದಾಗಿ ಹೇಳಿದ್ಕೂ ಅಂದೆ. ಅಂಥ ಹೂಂ ನನಗ್ ಬ್ಯಾಡ. ದೊಡ್ಡೋನು ಅಂತ ಮುಖ ನೋಡ್ಬೇಡ. ಸರಿ ಬಂದ್ರೆ ಅನ್ನು, ಇಲ್ದಿದ್ರೆ ಬಾಯಿ ಮುಚ್ಕೊಂಡಿರು," ಎಂದರು.

ಶಲ್ಯನ ಪಾತ್ರವನ್ನು ಎರಡು ಮಾತಿಗೆ ಇಳಿಸಿ ದೂತನಿಗೆ ಹಚ್ಚಿದೆ. ಅವ್ವನಿಗೆ ವಿಷಯ ಗೊತ್ತಾಗಿ "ಬೀಗ್ರ ಮುಂದೆ ಏನಂತ ಹೇಳ್ಲೋ?" ಎಂದು ಗೊಣಗಿದಳು. ಹೆಂಡತಿ ಕಿರೀಟವನ್ನು ಬಿಚ್ಚಿ ಗಾಡಿ ಮಾವನ ತಲೆಗೆ ಹೊಂದುವಂತೆ ಅರ್ಧ ಗೇಣು ಬಟ್ಟೆ ಸೇರಿಸಿ ಹೊಲಿದುಕೊಟ್ಟಳು.

ಹೂಂ ಎನ್ನುವುದು ಸುಲಭ, ಅನ್ನದೆ ಇರುವುದು ಕಷ್ಟ ಎಂದು ತಿಳಿದದ್ದು ಶನಿವಾರ ಮಧ್ಯಾಹ್ನ. ನನ್ನ ಎರಡರಷ್ಟು ವಯಸ್ಸಿನವರು ಬೆವರು ಒರೆಸಿಕೊಂಡು, ಹೇಳಿದ್ದನ್ನೇ ಹೇಳುತ್ತ, ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಾರೆ. ನಾನು ಪೆಟ್ಟಿಗೆಯ ತಿದಿ ಒತ್ತುತ್ತ ಸುಮ್ಮನಿರಬೇಕು. ದುರ್ಯೋಧನನ ಪಾತ್ರದವನು ಒಂಬತ್ತು ಸಲ ಹೇಳಿ ಗದೆ ಎಸೆದು ಹೋದ, ಬೀಡಿ ಸೇದಿ ತಿರುಗಿ ಬಂದ. ಹತ್ತನೆಯ ಸಲ ಹೇಳಿದ್ದು ಚೆನ್ನಾಗಿತ್ತು. ನನಗೂ ಸ್ವಲ್ಪ ಧೈರ್ಯ ಬಂತು.

ಭಾನುವಾರ ಕುಂತಿಯ ದೃಶ್ಯಕ್ಕೆ ಬಂದೆವು. ಕುಂತಿಯ ಪಾತ್ರ ನಮ್ಮೂರಿನ ದರ್ಜಿಯದು. ಯುದ್ಧಕ್ಕೆ ಮುಂಚೆ ಕುಂತಿ ಬಂದು, ನಾನು ನಿನ್ನ ತಾಯಿ ಎನ್ನುತ್ತಾಳೆ. ಅದಕ್ಕೆ ಕರ್ಣನ ಮಾತು: "ಹೊಳೆಗೆ ಬಿಟ್ಟ ದಿನ ನನಗೆ ಹೆಸರಿರಲಿಲ್ಲ, ತಾಯಿ. ಇವತ್ತು ಯಾವ ಹೆಸರು ಹಿಡಿದು ಕರೆಯಲು ಬಂದೆ?"

ಗಾಡಿ ಮಾವ ಗುಡುಗಿದರು. ನಾನು ಸುಮ್ಮನಿದ್ದೆ. ತಗ್ಗಿಸಿ ಹೇಳಿದರು. ಸುಮ್ಮನಿದ್ದೆ. ಅಳುತ್ತ ಹೇಳಿದರು. ಹನ್ನೊಂದು ಸಲವಾಯಿತು. ಹನ್ನೆರಡನೆಯದಕ್ಕೆ ಅವರು ಬಿಲ್ಲನ್ನು ಗೋಡೆಗೆ ಒರಗಿಸಿದರು.

"ಹೆಂಗ್ ಹೇಳ್ಬೇಕು ಅಂತ ನಿಂಗಾದ್ರೂ ಗೊತ್ತೇನೋ?"

ನಾನು ನೋಟುಬುಕ್ಕಿನ ಹಾಳೆ ತಿರುವಿದೆ.

"ನಾನು ಇಲ್ಲೇ ಕೂತಿರ್ಲಿಲ್ವಾ? ಮೇಷ್ಟ್ರು ಈ ಮಾತಿಗೆ ನಿನಗೂ ಒಂದಿನಾನೂ ಹೂಂ ಅಂದಿಲ್ಲ. ‘ನಾಳೆ ನೋಡಾನ ಬಿಡಪ್ಪಾ’ ಅಂತ ಮುಂದಕ್ ಬಿಡೋರು. ಆ ನಾಳೆ ಬರೋದ್ರೊಳಗೆ ಮಲಗ್ಬಿಟ್ರು."

ನಿಜ. ನೋಟುಬುಕ್ಕಿನಲ್ಲಿ ಪ್ರತಿ ಮಾತಿನ ಮುಂದೆಯೂ ಹೂಂ ಬಂದದ್ದಕ್ಕೆ ಒಂದು ಗೀಟು ಎಳೆದಿದ್ದೆ. ಆ ಮಾತಿನ ಮುಂದೆ ಗೀಟಿರಲಿಲ್ಲ. ಯಾರಿಗೂ ತಿಳಿದಿಲ್ಲ ಅಂದುಕೊಂಡಿದ್ದೆ. ಹತ್ತು ಜನರ ಎದುರು ನನ್ನ ಕಿವಿ ಬಿಸಿಯಾಯಿತು. ನನ್ನ ನಾಚಿಕೆ ಹಾಗಿರಲಿ, ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿತ್ತು. ಆ ಮಾತು ಹೇಗಿರಬೇಕೆಂದು ಮೇಷ್ಟ್ರು ಯಾರಿಗೂ ತೋರಿಸಿರಲಿಲ್ಲ. ಅವರು ಯಾರಿಗೂ ಮಾಡಿ ತೋರಿಸುತ್ತಲೇ ಇರಲಿಲ್ಲ. ಸರಿಯಾದದ್ದು ಯಾವುದೆಂದು ತಿಳಿದಿದ್ದ ಒಬ್ಬರೇ ಒಬ್ಬರನ್ನು ನಾವು ಮಣ್ಣು ಮಾಡಿ ಬಂದಿದ್ದೆವು. ನಾಟಕವೆಲ್ಲ ಆ ಮಾತಿನ ಕಡೆಗೇ ನಡೆದು ಬರುತ್ತದೆ. ಅದು ಕೆಟ್ಟರೆ ಮೂರು ಗಂಟೆಯ ದುಡಿಮೆ ಕೆಟ್ಟ ಹಾಗೆ.

"ನನಗೂ ಗೊತ್ತಿಲ್ಲ ಮಾವ. ಬಂದಾಗ ಗೊತ್ತಾಗ್ತದೆ ಅಂದ್ಕೊಂಡಿದ್ದೀನಿ," ಎಂದೆ.

"ಹಂಗಾದ್ರೆ ಕಾಯಾನ," ಎಂದು ಅವರು ಬಿಲ್ಲು ಎತ್ತಿಕೊಂಡರು. ಭಾನುವಾರ ಅದು ಬರಲಿಲ್ಲ.

ಸೋಮವಾರ ಪಟೇಲರು ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ಚಾಪೆ ಹಾಕಿಸಿ ಕೂತರು. ನನ್ನ ಬೆರಳು ಬೆವೆತು ಪೆಟ್ಟಿಗೆಯ ಸ್ವರದ ಮನೆಗಳ ಮೇಲೆ ಜಾರುತ್ತಿತ್ತು. ಎರಡು ಕಡೆ ಹೂಂ ಅನ್ನದೆ ಮಾತು ಮತ್ತೆ ಹೇಳಿಸಿದೆ. ಪಟೇಲರ ಹುಬ್ಬು ಗಂಟಾಯಿತು. ಕುಂತಿ ಬಂದಳು. ಗಾಡಿ ಮಾವ ಆ ಮಾತು ಹೇಳಿದರು. ಗುಡುಗು. ನಾನು ಸುಮ್ಮನಿದ್ದೆ. ಮತ್ತೆ ಹೇಳಿದರು.

"ಯಾಕೆ, ಮರ್ತೋಯ್ತಾ? ಸಾಕು ಬಿಡ್ರಪ್ಪಾ," ಎಂದು ಪಟೇಲರು ಮಂಡಿಗೆ ಕೈ ಊರಿ ಏಳಹೊರಟರು.

"ಹೂಂ," ಎಂದುಬಿಟ್ಟೆ.

ಗಾಡಿ ಮಾವ ಒಂದು ಗಳಿಗೆ ನನ್ನನ್ನು ನೋಡಿ ಮುಂದಿನ ಮಾತಿಗೆ ಹೋದರು. ಪಟೇಲರು ತಿರುಗಿ ಕೂತರು. ನಾಟಕ ಕೊನೆ ಮುಟ್ಟಿತು. "ಪರ್ವಾಗಿಲ್ಲ, ಆಡ್ರಪ್ಪಾ," ಎಂದು ಹೇಳಿ ಹೋದರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಗಾಡಿ ಮಾವ ಮಾತ್ರ ಹತ್ತಿರ ಬರಲಿಲ್ಲ. ಎತ್ತು ಕಟ್ಟುವಾಗ ನಾನೇ ಹೋಗಿ ನಿಂತೆ.

"ಸುಳ್ಳು ಹೂಂ ಅಂದೆ," ಎಂದರು, ನೊಗದ ಹಗ್ಗ ಬಿಗಿಯುತ್ತ.

"ಅನ್ನದಿದ್ರೆ ನಾಟ್ಕಾನೇ ನಿಂತೋಗ್ತಿತ್ತು ಮಾವ."

"ನಿಲ್ತಿತ್ತು. ಅದು ನಂಗೂ ಗೊತ್ತು. ಆದ್ರೆ ಇನ್ಮೇಲೆ ನೀನು ಹೂಂ ಅಂದಾಗೆಲ್ಲ ಇದು ದಿಟವೋ ಸುಳ್ಳೋ ಅಂತ ನಾನು ಯೋಚ್ನೆ ಮಾಡ್ಬೇಕು. ಯೋಚ್ನೆ ಮಾಡ್ತಾ ಪಾರ್ಟು ಹೇಳೋಕಾಯ್ತದಾ?"

ನನಗೆ ಮೇಷ್ಟ್ರೇ ಬೈದ ಹಾಗಾಯಿತು. ಮೇಷ್ಟ್ರು ಬೈಯುತ್ತಿರಲಿಲ್ಲ, ಅದು ಬೇರೆ ಮಾತು. ಏನೇ ಬರಲಿ, ಗುರುವಾರ ಸುಳ್ಳು ಹೂಂ ಅನ್ನುವುದಿಲ್ಲ ಎಂದು ಅವರ ಎತ್ತಿನ ಮೇಲೆ ಕೈಯಿಟ್ಟು ಹೇಳಿದೆ.

ಮಂಗಳವಾರ, ಬುಧವಾರ ಅಟ್ಟ ಕಟ್ಟುವ ಕೆಲಸ. ಹಗಲು ನಾಟಕಕ್ಕೆ ಅಟ್ಟ ಯಾವ ದಿಕ್ಕಿಗಿರಬೇಕೆಂಬುದೇ ದೊಡ್ಡ ಪಂಚಾಯಿತಿಯಾಯಿತು. ಪಡುವಣಕ್ಕೆ ಮುಖ ಮಾಡಿದರೆ ಸಂಜೆಯ ಬಿಸಿಲು ಪಾತ್ರಧಾರಿಗಳ ಕಣ್ಣಿಗೆ, ಮೂಡಣಕ್ಕೆ ಮಾಡಿದರೆ ಜನರ ಕಣ್ಣಿಗೆ. ಕೊನೆಗೆ ಹುಣಸೆ ತೋಪಿನಲ್ಲಿ ಬಡಗಣಕ್ಕೆ ಮುಖ ಮಾಡಿ ಕಟ್ಟಿದೆವು. ಜನ ತೆಂಕಣಕ್ಕೆ ಮುಖ ಮಾಡಿ ಕೂರಬೇಕಾಗುತ್ತದೆ, ಅದು ಯಮನ ದಿಕ್ಕು ಎಂದು ಒಬ್ಬರು ತಗಾದೆ ತೆಗೆದರು. ಮೇಷ್ಟ್ರು ಅಲ್ಲೇ ಇದ್ದಾರಲ್ಲ, ನೋಡಿಕೊಳ್ಳುತ್ತಾರೆ ಎಂದು ದರ್ಜಿ ಅವರ ಬಾಯಿ ಮುಚ್ಚಿಸಿದ. ಆ ಮಾತಿನ ತಾಲೀಮು ಎರಡು ದಿನವೂ ನಡೆಯಿತು. ಹೂಂ ಬರಲಿಲ್ಲ.

ಗುರುವಾರ ಊಟದ ಹೊತ್ತಿಗೆಲ್ಲ ತೋಪು ತುಂಬಿತು. ನಗಲೆಂದೇ ಬಂದವರು ಹಿಂದೆ ಮರಕ್ಕೊರಗಿ ನಿಂತಿದ್ದರು. ಬೀಗರು ಮುಂದೆ ಕೂತಿದ್ದರು, ಪಟೇಲರು ಅವರಿಗೂ ಮುಂದೆ. ಪೆಟ್ಟಿಗೆಯ ಹಿಂದೆ ಕೂತರೆ ಪಾತ್ರಧಾರಿಗಳ ಪಕ್ಕೆ ಕಾಣುತ್ತದೆ, ಜನರ ಮುಖ ಪೂರ್ತಿ ಕಾಣುತ್ತದೆ. ರಾತ್ರಿಯ ನಾಟಕದಲ್ಲಿ ದೀಪದ ಆಚೆ ಬರೀ ಕತ್ತಲೆ. ಇಲ್ಲಿ ದುರ್ಯೋಧನನಿಗೆ ತನ್ನ ಅತ್ತೆ ಬಾಯಿಗೆ ಸೆರಗಿಟ್ಟು ನಗುವುದು ಕಂಡು ಮೊದಲ ಮಾತೇ ನಡುಗಿತು. ಹೂಂ ಅನ್ನಲಿಲ್ಲ. ಮತ್ತೆ ಹೇಳಿದ, ಗಟ್ಟಿಯಾಗಿ. ಹೂಂ. ಅಲ್ಲಿಂದ ಎಲ್ಲರೂ ಜನರನ್ನು ಬಿಟ್ಟು ನನ್ನ ಕಿವಿಗೇ ಹೇಳತೊಡಗಿದರು. ಒಂದು ಗಂಟೆಯೊಳಗೆ ಮರಕ್ಕೊರಗಿದವರೂ ಕೆಳಗೆ ಕೂತಿದ್ದರು.

ಕುಂತಿ ಬಂದಳು. ಗಾಡಿ ಮಾವ ಹೇಳಿದರು. "ಹೊಳೆಗೆ ಬಿಟ್ಟ ದಿನ ನನಗೆ ಹೆಸರಿರಲಿಲ್ಲ, ತಾಯಿ..." ಅದೇ ಗುಡುಗು. ಜನ ಚಪ್ಪಾಳೆ ತಟ್ಟಿದರು. ನಾನು ಸುಮ್ಮನಿದ್ದೆ.

ಚಪ್ಪಾಳೆ ನಿಂತ ಮೇಲೆ ಅವರು ಮತ್ತೆ ಹೇಳಿದರು. ಈ ಸಲ ತಗ್ಗಿಸಿ, ಗಂಟಲು ತುಂಬಿಕೊಂಡು. ಹಿಂದೆ ಯಾರೋ ಕೆಮ್ಮಿದರು. ಪಟೇಲರು ಬೀಗರ ಕಡೆ ನೋಡಿ, ನನ್ನ ಕಡೆ ನೋಡಿದರು. ಒಂದೇ ಒಂದು ಹೂಂ. ಅಂದುಬಿಟ್ಟರೆ ನಾಟಕ ದಡ ಸೇರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ಹಿಡಿದೆ. ಮೂರನೆಯ ಸಲವೂ ಬರದಿದ್ದರೆ ಇವತ್ತಿಗೆ ಮೇಷ್ಟ್ರ ಹೆಸರನ್ನು ನನ್ನ ಕೈಯಾರೆ ಮುಗಿಸಿದ ಹಾಗೆ ಎಂದು ತಿಳಿದೂ ಸುಮ್ಮನಿದ್ದೆ.

ಗಾಡಿ ಮಾವ ನನ್ನ ಕಡೆ ನೋಡಲಿಲ್ಲ. ಬಿಲ್ಲನ್ನು ಕೆಳಗಿಟ್ಟರು. ಅದು ತಾಲೀಮಿನಲ್ಲಿ ಇರಲಿಲ್ಲ. ದರ್ಜಿಯ ಎದುರಿಗೆ ಹೋಗಿ ನಿಂತು ಕೇಳಿದರು. ಅದರಲ್ಲಿ ಗುಡುಗೂ ಇಲ್ಲ, ಅಳುವೂ ಇಲ್ಲ. ಸಂತೆಯ ದಾರಿಯಲ್ಲಿ ಒಂಟಿಯಾಗಿ ನಿಂತ ಹೆಂಗಸನ್ನು ಎಲ್ಲಿಗಮ್ಮಾ ಎಂದು ಕೇಳುವ ಹಾಗೆ, ಉತ್ತರ ಬೇಕಾಗಿಯೇ ಕೇಳಿದರು. "ಇವತ್ತು ಯಾವ ಹೆಸರು ಹಿಡಿದು ಕರೆಯಲು ಬಂದೆ?"

ದರ್ಜಿ ಬಾಯಿ ತೆರೆದು, ಮುಚ್ಚಿ, ತಲೆ ತಗ್ಗಿಸಿದ. ಅಷ್ಟು ದಿನವೂ ನಾನು ಆ ಮಾತನ್ನು ದೂರು ಎಂದು ಹೇಳಿದ್ದೆ. ಅದು ಪ್ರಶ್ನೆ ಎಂದು ನನಗೆ ಹೊಳೆದೇ ಇರಲಿಲ್ಲ. ಹೂಂ ಅನ್ನಬೇಕಾದದ್ದು ಆಗ. ಬಾಯಿಂದ ಸ್ವರ ಹೊರಡಲಿಲ್ಲ. ಕಣ್ಣೀರು ಸ್ವರದ ಮನೆಗಳ ಮೇಲೆ ಬೀಳುತ್ತಿತ್ತು, ಬೀಗರೆಲ್ಲ ನೋಡುತ್ತಿದ್ದರು. ಇನ್ನೇನು, ನಾಲ್ಕನೆಯ ಸಲ ಹೇಳಿ ಕೆಡಿಸುತ್ತಾರೆ ಎಂದು ಜೀವ ಬಾಯಿಗೆ ಬಂತು.

ಅವರು ಕಾಯಲಿಲ್ಲ. "ಐವರು ಮಕ್ಕಳು ನಿನಗೆ ಉಳಿಯುತ್ತಾರೆ. ಹೋಗಿ ಬಾ," ಎಂದು ಮುಂದಿನ ಮಾತಿಗೆ ನಡೆದುಬಿಟ್ಟರು.

ನಾಟಕ ಮುಗಿದಾಗ ಬಿಸಿಲು ಹುಣಸೆ ಮರಗಳ ತುದಿಯಲ್ಲಿತ್ತು. ಜನ ಗಾಡಿ ಕಟ್ಟುತ್ತಿದ್ದರು. ಮಾತನ್ನು ಮೂರು ಸಲ ಹೇಳಿಸಿದ್ದು ಬಹಳ ಚೆನ್ನಾಗಿತ್ತು, ಹಾಗೆ ಕಟ್ಟಿದ ಮೇಷ್ಟ್ರು ಪುಣ್ಯವಂತರು ಎಂದು ಪಟೇಲರು ಹೇಳಿ ಹೋದರು. ನಾನು ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದೆ. ಗಾಡಿ ಮಾವ ಬಣ್ಣವನ್ನೂ ಒರೆಸದೆ, ಕಿರೀಟವನ್ನೂ ತೆಗೆಯದೆ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

"ಆ ಮಾತು ಸರಿ ಬಂತೇನೋ?"

"ಮೇಷ್ಟ್ರು ಏನಂತಿದ್ರೋ ಗೊತ್ತಿಲ್ಲ ಮಾವ."

"ಅವರ್ನ ನಾನು ಕೇಳ್ತಿಲ್ಲ. ಪೆಟ್ಟಿಗೆ ಹಿಂದೆ ಕೂತಿದ್ದೋನು ನೀನು."

ಅವರು ಏಳುವ ಹಾಗೆ ಕಾಣಲಿಲ್ಲ. ಬಣ್ಣ ಬೆವರಿನಲ್ಲಿ ಕರಗಿ ಗದ್ದಕ್ಕೆ ಇಳಿಯುತ್ತಿತ್ತು, ಕಣ್ಣು ನನ್ನ ಮುಖದ ಮೇಲೇ ಇತ್ತು. ನಾನು ಮುಚ್ಚಳದ ಮೇಲಿನ ಕೈ ತೆಗೆದೆ.

"ಹೂಂ," ಎಂದೆ.